ಬೆರಳಿಗೆ ಸಿಗುವ ಎಲೆಯಂಚು: ಒಂದು ಪ್ಲೈವುಡ್ ಹಲಗೆಯ ಕೆಲಸದ ಕಥೆ

ದಾವಣಗೆರೆಗೆ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಆಗಸ್ಟ್ ಕೊನೆಯ ವಾರ ಎಲೆಯ ಅಂಚಿನ ಪಾಠ ನಡೆಯುತ್ತಿತ್ತು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಎಲೆ ಬರೆದೆ. ಒಂದಕ್ಕೆ ನಯವಾದ ಅಂಚು, ಒಂದಕ್ಕೆ ಗರಗಸದ ಅಂಚು, ಒಂದಕ್ಕೆ ನೇರ ಹಲ್ಲಿನ ಅಂಚು, ಕೊನೆಯದಕ್ಕೆ ಗುಂಡು ಹಲ್ಲಿನ ಅಂಚು. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಎರಡನೇದಕ್ಕೂ ಮೂರನೇದಕ್ಕೂ ಏನ್ ಫರಕು?"

ನಾನು ತಿರುಗಿ ಬೋರ್ಡ್ ನೋಡಿದೆ. ನನ್ನ ಚಿತ್ರದಲ್ಲಿ ಫರಕೇ ಇರಲಿಲ್ಲ. ಎರಡೂ ಅಂಕುಡೊಂಕು ಗೆರೆ. ಗರಗಸದ ಅಂಚಿನಲ್ಲಿ ಹಲ್ಲು ಎಲೆಯ ತುದಿಯ ಕಡೆ ವಾಲಿರುತ್ತೆ, ಇನ್ನೊಂದರಲ್ಲಿ ಹಲ್ಲು ನೇರ ಹೊರಗೆ ನೋಡುತ್ತೆ ಅಂತ ಬಾಯಲ್ಲಿ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ:

"ಹಂಗಾದ್ರೆ ಮೆಕ್ಕೆಜೋಳದ ಗರಿನೂ ಗರಗಸನೇ ಅಲ್ವಾ ಸಾರ್? ಬುಡದಿಂದ ತುದಿಗೆ ಸವರಿದ್ರೆ ಏನೂ ಆಗಲ್ಲ. ತುದಿಯಿಂದ ಬುಡಕ್ಕೆ ಎಳೆದ್ರೆ ಕೈ ಕೊಯ್ಯುತ್ತೆ."

ಇಡೀ ತರಗತಿ ತಲೆಯಾಡಿಸಿತು. ಒಂದಿಬ್ಬರು ಮುಂಗೈ ಮೇಲಿನ ಗೀರು ತೋರಿಸಿದರು. ನಮ್ಮ ಶಾಲೆಯ ಮೂರು ಕಡೆಯೂ ಮೆಕ್ಕೆಜೋಳ. ಮೇವು ಕೊಯ್ಯಲು, ಕಳೆ ಕೀಳಲು ಹೋಗುವ ಮಕ್ಕಳಿಗೆ ಆ ಗರಿಯ ಅಂಚು ಎಂಥದ್ದು ಅಂತ ಪುಸ್ತಕ ಹೇಳಬೇಕಾಗಿಲ್ಲ. ಅಂಚಿನುದ್ದಕ್ಕೂ ತೀರಾ ಸಣ್ಣ ಹಲ್ಲುಗಳಿವೆ. ಮರಳಿನಲ್ಲಿ ಇರುವ ಸಿಲಿಕಾವೇ ಅಲ್ಲಿ ಸೇರಿಕೊಂಡು ಅವನ್ನು ಗಟ್ಟಿ ಮಾಡಿರುತ್ತೆ. ಕಬ್ಬಿನ ಗರಿಯಲ್ಲೂ ಹೀಗೇ. ಕಣ್ಣಿಗೆ ಅದು ನಯವಾದ ಗೆರೆಯಂತೆ ಕಾಣುತ್ತೆ. ಬೆರಳಿಗೆ ಮಾತ್ರ ಗುಟ್ಟು ಗೊತ್ತು.

ಅವತ್ತು ಸಂಜೆ ಬಸ್ಸಿನಲ್ಲಿ ಕೂತಾಗ ಮನಸ್ಸಿಗೆ ಬಂದದ್ದು ಇಷ್ಟೇ. ಎಲೆಯಂಚನ್ನು ನಾವು ಕಣ್ಣಿಗೆ ಕಲಿಸುತ್ತಿದ್ದೇವೆ. ಮೊದಲು ಬೆರಳಿಗೆ ಕಲಿಸಬೇಕು. ಯಾವ ದಿಕ್ಕಿಗೆ ಸವರಿದರೆ ತಡೆಯುತ್ತೆ, ಯಾವ ದಿಕ್ಕಿಗೆ ಜಾರುತ್ತೆ, ಅದೇ ಅಂಚಿನ ಗುರುತು. ಅದಕ್ಕೊಂದು ಹಲಗೆ ಮಾಡೋಣ ಅಂದುಕೊಂಡೆ. ಎಲೆಯಂಚುಗಳನ್ನು ದೊಡ್ಡದು ಮಾಡಿ, ತೊಟ್ಟು ಕೆಳಗೆ ತುದಿ ಮೇಲೆ ಬರುವಂತೆ ಸಾಲಾಗಿ ಕೂರಿಸಬೇಕು. ಮಕ್ಕಳು ಕಣ್ಣು ಮುಚ್ಚಿ ಸವರಿ ಹೆಸರು ಹೇಳಬೇಕು.

ಮೊದಲ ಪ್ರಯತ್ನ: ನಿಜವಾದ ಎಲೆ

ಸುಲಭದ ದಾರಿ ಅಂತ ನಿಜವಾದ ಎಲೆಗಳಿಂದಲೇ ಶುರು ಮಾಡಿದೆ. ದಾಸವಾಳ, ಬೇವು, ದೊಡ್ಡಪತ್ರೆ, ಹೊಂಗೆ, ಗುಲಾಬಿ ಎಲೆಗಳನ್ನು ಹಳೇ ಪತ್ರಿಕೆಯ ಮಧ್ಯೆ ಇಟ್ಟು ಮೇಲೆ ಅಕ್ಕಿ ಮೂಟೆ ಹೇರಿದೆ. ದಿನಾ ಪತ್ರಿಕೆ ಬದಲಿಸಬೇಕು. ಎರಡು ದಿನ ಮರೆತೆ. ಮಳೆಗಾಲದ ಹವೆ ಬೇರೆ. ದೊಡ್ಡಪತ್ರೆಯ ಎಲೆ ದಪ್ಪ, ತುಂಬಾ ನೀರು ಹಿಡಿದಿರುತ್ತೆ. ಅದು ಕಪ್ಪಾಗಿ ಬೂಸು ಹಿಡಿಯಿತು. ಉಳಿದವು ಚೆನ್ನಾಗಿ ಒಣಗಿದವು. ಲ್ಯಾಮಿನೇಷನ್ ಮಾಡಿಸಿದೆ.

ನೋಡಲು ಚೆಂದ ಇತ್ತು. ಆದರೆ ಸವರಿದರೆ ಬರೀ ಪ್ಲಾಸ್ಟಿಕ್ಕು. ಅಂಚು ಹಾಳೆಯ ಒಳಗೆ ಸಿಕ್ಕಿಕೊಂಡಿತ್ತು. ಲ್ಯಾಮಿನೇಷನ್ ಇಲ್ಲದೆ ಇಟ್ಟರೆ ಒಣಗಿದ ಹಲ್ಲು ಮೊದಲ ಮಗುವಿನ ಕೈಯಲ್ಲೇ ಪುಡಿಯಾಗುತ್ತೆ. ಅಲ್ಲಿಗೆ ಆ ದಾರಿ ಬಿಟ್ಟೆ. ಆ ಹಾಳೆಗಳು ಈಗ ತರಗತಿಯ ಗೋಡೆಯ ಮೇಲಿವೆ. ಹಲಗೆಯ ಪಕ್ಕದಲ್ಲಿ ನಿಜವಾದ ಅಳತೆಯ ಎಲೆ ಕಾಣಲಿ ಅಂತ.

ಎರಡನೆಯದು: ಜೆರಾಕ್ಸ್ ಮತ್ತು ಪ್ಲೈವುಡ್

ಎಲೆಯನ್ನು ಕೈಯಿಂದ ದೊಡ್ಡದಾಗಿ ಬರೆಯಲು ಹೋದರೆ ಬೋರ್ಡಿನ ಮೇಲೆ ಆದದ್ದೇ ಆಗುತ್ತೆ. ನಮಗೆ ಗೊತ್ತಿರುವ ಅಂಕುಡೊಂಕು ಗೆರೆ ಬರುತ್ತೆ, ಎಲೆಯಲ್ಲಿರುವ ಗೆರೆ ಬರಲ್ಲ. ಹಾಗಾಗಿ ಹಸಿ ಎಲೆಯನ್ನೇ ಜೆರಾಕ್ಸ್ ಅಂಗಡಿಗೆ ತೆಗೆದುಕೊಂಡು ಹೋದೆ. ಗಾಜಿಗೆ ರಸ ತಾಗಬಾರದು ಅಂತ ಕೆಳಗೊಂದು ಪಾರದರ್ಶಕ ಹಾಳೆ ಹಾಸಿ, ಅದರ ಮೇಲೆ ಎಲೆ ಇಟ್ಟು, ಯಂತ್ರದಲ್ಲಿ 400 ಶೇಕಡಾ ಒತ್ತಿಸಿದೆ. ಅಂದರೆ ನಾಲ್ಕು ಪಟ್ಟು. ಬೇವಿನ ಎಸಳಿನ 2 ಮಿಲಿಮೀಟರ್ ಹಲ್ಲು ಕಾಗದದ ಮೇಲೆ 8 ಮಿಲಿಮೀಟರ್ ಆಗಿ ಬಂತು. ಬೆರಳಿಗೆ ಇಷ್ಟು ಸಾಕು.

ಈ ಹಂತದಲ್ಲೇ ಒಂದು ತಪ್ಪು ಮಾಡಿದೆ. ಬೇವಿನ ಎಸಳಿನ ಒಂದು ಬದಿ ಮಾತ್ರ ಅಚ್ಚಾಗಿ ಬಂದಿತ್ತು. ಇನ್ನೊಂದು ಬದಿ ಮಡಚಿಕೊಂಡಿತ್ತು. ಎರಡೂ ಬದಿ ಒಂದೇ ಅಲ್ವಾ ಅಂತ ಟ್ರೇಸಿಂಗ್ ಕಾಗದ ತಿರುಗಿಸಿ ಇನ್ನೊಂದು ಬದಿ ಬರೆದುಕೊಂಡೆ. ನಮ್ಮ ಮನೆಯವಳು ನೋಡಿ, "ಇದು ಬೇವಿನ ಎಲೆ ಥರ ಇಲ್ವಲ್ರೀ" ಅಂದಳು. ಹಬ್ಬಕ್ಕೆ ಬೇವು ಬಿಡಿಸಿ ಬಿಡಿಸಿ ಆಕೆಗೆ ರೂಢಿ. ಯುಗಾದಿಯ ದಿನ ನಾವೆಲ್ಲ ಬೇವು ತಿನ್ನುತ್ತೇವೆ, ಎಷ್ಟು ಜನ ಎಸಳನ್ನು ಕೈಯಲ್ಲಿ ಹಿಡಿದು ನೋಡಿದ್ದೇವೆ? ಬೇವಿನ ಎಸಳು ಕುಡುಗೋಲಿನ ಹಾಗೆ ಒಂದು ಕಡೆ ಬಾಗಿರುತ್ತೆ. ಬುಡದಲ್ಲಿ ಎರಡು ಬದಿ ಸಮ ಇರಲ್ಲ. ಒಂದು ಬದಿ ಸಣ್ಣದಾಗಿ ಶುರುವಾದರೆ ಇನ್ನೊಂದು ಅಗಲವಾಗಿ ಶುರುವಾಗುತ್ತೆ. ಹೊಸ ಎಸಳು ತಂದು, ಮೇಲೆ ಗಾಜಿನ ತುಂಡು ಒತ್ತಿಟ್ಟು ಮತ್ತೆ ಜೆರಾಕ್ಸ್ ಮಾಡಿಸಿದೆ. ಯಾವ ಎಲೆಯನ್ನೂ ಅರ್ಧ ನೋಡಿ ಇನ್ನರ್ಧ ಊಹಿಸಬಾರದು ಅಂತ ಅವತ್ತು ಗಟ್ಟಿ ಮಾಡಿಕೊಂಡೆ.

ಮಂಡಿಪೇಟೆ ಕಡೆ ಹೋದಾಗ 6 ಮಿಲಿಮೀಟರಿನ ಪ್ಲೈವುಡ್ ತುಂಡುಗಳು, ಒಂದು ಫ್ರೆಟ್‌ಸಾ ಚೌಕಟ್ಟು, ಒಂದು ಡಜನ್ ಬ್ಲೇಡು ತಂದೆ. ಫ್ರೆಟ್‌ಸಾ ಅಂದರೆ ದಾರದಂಥ ತೆಳು ಬ್ಲೇಡಿನ ಸಣ್ಣ ಗರಗಸ. ತಿರುವು ಇರುವ ಆಕಾರ ಕೊಯ್ಯಲು ಅದೇ ಬೇಕು. ಮೇಜಿನ ಅಂಚಿಗೆ ಒಂದು ಹಲಗೆ ಬಿಗಿದು, ಅದರ ಮಧ್ಯೆ ಕವಣೆಯ ಕವೆಯಂಥ ಸೀಳು ಮಾಡಿಕೊಂಡೆ. ಕೆಲಸದ ತುಂಡು ಆ ಸೀಳಿನ ಮೇಲೆ ಕೂರುತ್ತೆ, ಬ್ಲೇಡು ಸೀಳಿನ ಒಳಗೆ ಮೇಲೆ ಕೆಳಗೆ ಆಡುತ್ತೆ.

ಮೊದಲ ದಿನ ನಾಲ್ಕು ಬ್ಲೇಡು ಮುರಿದವು. ತುಂಡು ಪ್ರತಿ ಎಳೆತಕ್ಕೂ ಮೇಲಕ್ಕೆ ಜಿಗಿಯುತ್ತಿತ್ತು. ಮೇಲಿನ ಪದರ ಚಿಂದಿ ಚಿಂದಿಯಾಗಿ ಎದ್ದು ಬರುತ್ತಿತ್ತು. ಗೆರೆ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಪ್ಲೈವುಡ್ಡೇ ಸರಿಯಿಲ್ಲ ಅಂದುಕೊಂಡು ಅಲ್ಲಿಗೇ ನಿಲ್ಲಿಸಿದೆ.

ಆಚಾರ್ರ ಅಂಗಳದಲ್ಲಿ

ನಮ್ಮ ಬೀದಿಯ ಕೊನೆಯಲ್ಲಿ ಬಾಗಿಲು ಕಿಟಕಿ ಮಾಡುವ ಆಚಾರ್ರೊಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಈಗ ಯಂತ್ರದ ಕೆಲಸವೆಲ್ಲ ಮಗ ನೋಡಿಕೊಳ್ಳುತ್ತಾನೆ, ಇವರು ಅಂಗಳದಲ್ಲಿ ಕೂತು ಗರಗಸ, ಉಳಿಗಳನ್ನು ಮಸೆದು ಕೊಡುತ್ತಾರೆ. ಭಾನುವಾರ ಬೆಳಿಗ್ಗೆ ಮುರಿದ ತುಂಡುಗಳ ಜೊತೆ ಹೋದೆ. ಅವರು ಚೌಕಟ್ಟು ತೆಗೆದುಕೊಂಡು ಬ್ಲೇಡಿನ ಮೇಲೆ ಹೆಬ್ಬೆರಳು ಒಂದೇ ಸಲ ಆಡಿಸಿದರು.

"ಮೇಷ್ಟ್ರೇ, ಹಲ್ಲು ಮೇಲ್ಮುಖ ಹಾಕೀರಲ್ರೀ. ಇದು ಕೆಳಗೆ ಎಳೆದಾಗ ಕೊಯ್ಯೋ ಗರಗಸ. ಹಲ್ಲು ಕೆಳಗೆ ನೋಡಬೇಕು. ಆಗ ತುಂಡನ್ನ ಹಲಗೆ ಮ್ಯಾಲೆ ಒತ್ತಿ ಹಿಡೀತದೆ. ನೀವು ಹಾಕಿದ್ದು ಎತ್ತಿ ಒಗೀತದೆ."

ಬ್ಲೇಡಿನ ಹಲ್ಲು ಕಣ್ಣಿಗೆ ಸರಿಯಾಗಿ ಕಾಣಲ್ಲ, ಅಷ್ಟು ಸಣ್ಣದು. ಅವರು ನೋಡಲೇ ಇಲ್ಲ. ಬೆರಳು ಒಂದು ದಿಕ್ಕಿಗೆ ಜಾರಿತು, ಇನ್ನೊಂದು ದಿಕ್ಕಿಗೆ ತಡೆಯಿತು. ಮೆಕ್ಕೆಜೋಳದ ಗರಿಯ ಬಗ್ಗೆ ಆ ಹುಡುಗ ಹೇಳಿದ್ದೂ ಇದನ್ನೇ. ನಾನು ಜೇಬಿನಲ್ಲಿದ್ದ ದಾಸವಾಳದ ಎಲೆ ತೆಗೆದು ಅವರ ಕೈಗೆ ಕೊಟ್ಟೆ. ಅದನ್ನೂ ಹಾಗೇ ಸವರಿದರು.

"ಇದು ತುದಿ ಕಡೆ ನೋಡೋ ಹಲ್ಲು. ಬುಡದ ಹತ್ರ ಹಲ್ಲಿಲ್ಲ, ಮ್ಯಾಲೆ ಮಾತ್ರ ಐತೆ."

ಪುಸ್ತಕದಲ್ಲಿ ದಾಸವಾಳದ ಎಲೆಯ ವಿವರಣೆ ಹೆಚ್ಚು ಕಡಿಮೆ ಇದೇ. ಬುಡದ ಕಡೆ ನಯ, ಮೇಲಿನ ಭಾಗದಲ್ಲಿ ಗರಗಸದ ಹಲ್ಲು. ಗರಗಸ ಅಂತ ಹೆಸರಿಟ್ಟವರೂ ಸುಮ್ನೆ ಇಟ್ಟಿಲ್ಲ. ಸಸ್ಯಶಾಸ್ತ್ರದಲ್ಲಿ ಈ ಅಂಚಿಗೆ ಸೆರೇಟ್ ಅನ್ನುತ್ತಾರೆ, ಲ್ಯಾಟಿನ್ನಿನಲ್ಲಿ ಸೆರ್ರಾ ಅಂದರೆ ಗರಗಸವೇ. ನೇರ ಹಲ್ಲಿನ ಅಂಚಿಗೆ ಡೆಂಟೇಟ್, ಅದು ಹಲ್ಲು ಅನ್ನುವ ಪದದಿಂದ ಬಂದದ್ದು. ಗುಂಡು ಹಲ್ಲಿನದು ಕ್ರೀನೇಟ್. ಕ್ರೀನಾ ಅಂದರೆ ಕಚ್ಚು. ಇದನ್ನೆಲ್ಲ ನಾನು ಹತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಗರಗಸಕ್ಕೆ ದಿಕ್ಕು ಇದೆ ಅನ್ನುವುದು ಮಾತ್ರ ಅವತ್ತು ಆ ಅಂಗಳದಲ್ಲಿ ಕೈಗೆ ಹತ್ತಿತು.

ಆಚಾರ್ರು ಇನ್ನೊಂದು ಸಲಹೆ ಕೊಟ್ಟರು. ಇಡೀ ಕೆಲಸ ಉಳಿದದ್ದು ಆ ಸಲಹೆಯಿಂದ. ಹಲ್ಲುಗಳನ್ನು ಫ್ರೆಟ್‌ಸಾದಲ್ಲಿ ಕೊಯ್ಯಬೇಡಿ ಅಂದರು. ಎಲೆಯ ಹೊರಗೆರೆ ಮಾತ್ರ ಕೊಯ್ದುಕೊಳ್ಳಿ, ಹಲ್ಲಿನ ಸಂದಿಗಳನ್ನು ಅರದಲ್ಲಿ ಉಜ್ಜಿ. ಗರಗಸ ಮಸೆಯುವ ಮೂರು ಮೂಲೆಯ ಅರ ಅವರ ಹತ್ತಿರವೇ ಇತ್ತು. ಅದನ್ನು ನೆಟ್ಟಗೆ ಹಿಡಿದು ಉಜ್ಜಿದರೆ ಎರಡೂ ಬದಿ ಸಮ ಇರುವ ಹಲ್ಲು ಬರುತ್ತೆ. ವಾಲಿಸಿ ಹಿಡಿದು ಉಜ್ಜಿದರೆ ಒಂದು ಬದಿ ಉದ್ದ, ಇನ್ನೊಂದು ಬದಿ ಗಿಡ್ಡ. ಎರಡೂ ಅಂಚು ಒಂದೇ ಅರದಲ್ಲಿ ಆಗುತ್ತೆ. ಕೈಯ ವಾಲು ಬದಲಾಗಬೇಕು, ಅಷ್ಟೇ.

ನಾನು ಜೆರಾಕ್ಸ್ ಕಾಗದದ ಮೇಲೆ ಸ್ಕೇಲ್ ಇಟ್ಟು ನೋಡಿದೆ. ಬೇವಿನ ಹಲ್ಲಿನಲ್ಲಿ ತೊಟ್ಟಿನ ಕಡೆಯ ಬದಿ ಉದ್ದ, ತುದಿಯ ಕಡೆಯ ಬದಿ ಗಿಡ್ಡ. ಗುಲಾಬಿಯಲ್ಲೂ ಹಾಗೇ. ಬೋರ್ಡಿನ ಮೇಲೆ ಆ ಹುಡುಗನಿಗೆ ನಾನು ತೋರಿಸಬೇಕಾಗಿದ್ದದ್ದು ಇದನ್ನೇ.

ಕೆಲಸ ಸರಾಗವಾದ ಮೇಲೆ

ಬ್ಲೇಡು ಸರಿಯಾದ ದಿಕ್ಕಿಗೆ ಹಾಕಿದ ಮೇಲೆ ಆಮೇಲಿನ ಮೂರು ವಾರದಲ್ಲಿ ಎರಡೇ ಬ್ಲೇಡು ಮುರಿದವು. ಮೇಲೆ ಜೆರಾಕ್ಸ್ ಕಾಗದ ಅಂಟಿಸಿ, ಕೆಳಗಿನ ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿದೆ. ಹಲ್ಲು ಕೆಳಮುಖವಾದಾಗ ಚಿಂದಿ ಏಳುವುದು ಕೆಳಗಿನ ಮೈಯಲ್ಲಿ, ಟೇಪು ಅದನ್ನು ಹಿಡಿದುಕೊಳ್ಳುತ್ತೆ. ಹೊಂಗೆಯ ಎಸಳು ಒಂದು ಗಂಟೆಯಲ್ಲಿ ಮುಗಿಯಿತು. ನಯವಾದ ಅಂಚು, ಅರದ ಕೆಲಸವೇ ಇಲ್ಲ. 120 ನಂಬರಿನ ಉಪ್ಪುಕಾಗದ, ಆಮೇಲೆ 220, ಮೇಲೊಂದು ಕೈ ಸೀಲರ್. ಬೇವು, ಗುಲಾಬಿ, ದಾಸವಾಳಕ್ಕೆ ಒಂದೊಂದು ಸಂಜೆ ಹಿಡಿಯಿತು.

ದೊಡ್ಡಪತ್ರೆ ಮಾತ್ರ ಕಷ್ಟ ಕೊಟ್ಟಿತು. ಗುಂಡು ಅಂಚು ಅಂದರೆ ಡ್ರಿಲ್ಲಿನಿಂದ ಸಾಲಾಗಿ ತೂತು ಕೊರೆದು ಅರ್ಧಕ್ಕೆ ಕೊಯ್ದರೆ ಆಯ್ತು ಅಂತ ಲೆಕ್ಕ ಹಾಕಿದ್ದೆ. ಹಾಗೇ ಮಾಡಿದೆ. ಅಂದವಾದ ಅರ್ಧಚಂದ್ರಗಳ ಸಾಲು ಬಂತು. ಸವರಿದರೆ ಬೆರಳಿಗೆ ಚುಚ್ಚಿತು! ಹತ್ತು ನಿಮಿಷ ಆ ತುಂಡನ್ನೂ ಎಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಆಗ ಹೊಳೆಯಿತು. ನಾನು ಸಂದಿಯನ್ನು ಗುಂಡು ಮಾಡಿದ್ದೆ, ಹಾಗಾಗಿ ಎರಡು ಸಂದಿಗಳ ನಡುವಿನ ಹಲ್ಲು ಚೂಪಾಗಿತ್ತು. ದೊಡ್ಡಪತ್ರೆಯಲ್ಲಿ ತದ್ವಿರುದ್ಧ. ಹಲ್ಲು ಗುಂಡು, ಸಂದಿ ಕಿರಿದು. ಕೈಬೆರಳ ಉಗುರುಗಳನ್ನು ಒತ್ತಾಗಿ ಜೋಡಿಸಿದ ಹಾಗೆ. ಎರಡನೇ ತುಂಡಿನಲ್ಲಿ ಮೂರು ಮೂಲೆಯ ಅರದಿಂದ ಕಿರಿದಾದ ಕಚ್ಚು ಹಾಕಿ, ಆಮೇಲೆ ಉಪ್ಪುಕಾಗದವನ್ನು ಸಣ್ಣ ಕೋಲಿಗೆ ಸುತ್ತಿ ಪ್ರತಿ ಹಲ್ಲಿನ ತಲೆಯನ್ನೂ ಉಜ್ಜಿ ಗುಂಡು ಮಾಡಿದೆ. ಈಗ ಬೆರಳು ಯಾವ ದಿಕ್ಕಿಗೆ ಹೋದರೂ ಉಬ್ಬು ತಗ್ಗು ಅಷ್ಟೇ ಸಿಗುತ್ತೆ, ಎಲ್ಲೂ ತಡೆಯಲ್ಲ. ಆ ತಪ್ಪು ತುಂಡನ್ನು ಎಸೆಯಲಿಲ್ಲ. ಅದನ್ನೂ ಹಲಗೆಯ ಹಿಂದೆ ಕಟ್ಟಿದ್ದೇನೆ. ಎರಡನ್ನೂ ಸವರಿಸಿ ಫರಕು ಕೇಳಿದರೆ ಮಕ್ಕಳಿಗೆ ಬೇಗ ಅರ್ಥವಾಗುತ್ತೆ.

ಒಂದೆಲಗವನ್ನೂ ಇದೇ ಗುಂಪಿಗೆ ಸೇರಿಸಬಹುದು. ಕಾಡುಬಸಳೆಯನ್ನೂ. ಕಾಡುಬಸಳೆಯ ಗುಂಡು ಹಲ್ಲುಗಳ ಸಂದಿಯಲ್ಲೇ ಮರಿ ಗಿಡ ಹುಟ್ಟುತ್ತೆ. ಒಂದು ಎಲೆ ಕಿತ್ತು ದಾರ ಕಟ್ಟಿ ಕಿಟಕಿಯಲ್ಲಿ ನೇತು ಹಾಕಿದ್ದೆ. ಮಣ್ಣಿಲ್ಲ, ನೀರಿಲ್ಲ, ಆದರೂ ಎರಡು ವಾರದೊಳಗೆ ಅಂಚಿನ ಸಂದಿಗಳಲ್ಲಿ ಪುಟ್ಟ ಎಲೆ, ಎಳೆ ಬೇರು ಕಾಣಿಸಿಕೊಂಡವು. ಮಕ್ಕಳು ಬೆಳಿಗ್ಗೆ ಬಂದ ಕೂಡಲೇ ಮೊದಲು ನೋಡುವುದು ಅದನ್ನೇ. ಸಂದಿ ಎಲ್ಲಿದೆ, ಹಲ್ಲು ಎಲ್ಲಿದೆ ಅಂತ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಎಲೆ ಸಿಕ್ಕಿಲ್ಲ.

ಅಶೋಕದ ಎಲೆ ಪ್ಲೈವುಡ್ಡಿಗೆ ಬಗ್ಗಲಿಲ್ಲ

ಬೀದಿ ಬದಿಯಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರವನ್ನು ನಾವು ಅಶೋಕ ಅನ್ನುತ್ತೇವೆ. ಅದರ ಎಲೆಯ ಅಂಚು ಅಲೆ ಅಲೆ. ಜೆರಾಕ್ಸ್ ಮಾಡಿದಾಗ ಅಲೆ ಮಾಯವಾಯಿತು, ಬರೀ ನಯವಾದ ಗೆರೆ ಬಂತು. ಯಾಕೆ ಅಂದರೆ ಆ ಅಲೆ ಎಲೆಯ ಅಗಲಕ್ಕೆ ಇಲ್ಲ, ಮೇಲೆ ಕೆಳಗೆ ಇದೆ. ಚಪ್ಪಟೆ ಮಾಡಿದರೆ ಹೋಗಿಬಿಡುತ್ತೆ. ಹಪ್ಪಳ ಕರಿದಾಗ ಅಂಚು ಹೇಗೆ ಎದ್ದು ಬಿದ್ದು ಆಗುತ್ತೋ ಹಾಗೆ. ಅಂಚಿನ ಗೆರೆಯೇ ಒಳಗೆ ಹೊರಗೆ ಬಳುಕಿದರೆ ಅದು ಬೇರೆ ಥರ, ಅದಕ್ಕೆ ಹೆಸರೂ ಬೇರೆ. ಪಾಠ ಮಾಡುವಾಗ ನಾನು ಎರಡನ್ನೂ ಅಲೆಯಂಚು ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದೆ.

ಹಾಗಾಗಿ ಅಶೋಕಕ್ಕೆ ಬೇರೆ ದಾರಿ ಹುಡುಕಿದೆ. ಡ್ರಾಯಿಂಗ್ ಶೀಟಿನ ಐದು ಪದರಗಳನ್ನು ಫೆವಿಕಾಲ್ ಹಚ್ಚಿ ಒಂದರ ಮೇಲೊಂದು ಅಂಟಿಸಿದೆ. ಅಂಟು ಹಸಿ ಇರುವಾಗಲೇ ಅಂಚಿನ ಕೆಳಗೆ ಒಂದು ಪೆನ್ಸಿಲ್, ಅದರ ಪಕ್ಕ ಅಂಚಿನ ಮೇಲೆ ಒಂದು ಪೆನ್ಸಿಲ್, ಹೀಗೆ ಹೆಣೆದು ಮೇಲೆ ಭಾರ ಇಟ್ಟೆ. ಪೆನ್ಸಿಲ್ ಅಂಟಿಕೊಳ್ಳದಿರಲಿ ಅಂತ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೆ. ಎರಡು ದಿನ ನೆರಳಲ್ಲಿ ಒಣಗಿದ ಮೇಲೆ ಪೆನ್ಸಿಲ್ ಎಳೆದರೆ ಅಲೆ ಹಾಗೇ ನಿಂತಿತು. ಗಟ್ಟಿಯಾಗಿದೆ, ತಗಡಿನ ಹಾಗೆ. ಮೇಲೆ ವಾರ್ನಿಷ್ ಹಚ್ಚಿದೆ.

ಕತ್ತಾಳೆಗೂ ಪ್ಲೈವುಡ್ಡು ಸಾಲಲಿಲ್ಲ. ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆಯ ಅಂಚಿನಲ್ಲಿ ಗಟ್ಟಿ ಮುಳ್ಳುಗಳಿವೆ. ತುದಿಯಲ್ಲಿ ದೊಡ್ಡ ಮುಳ್ಳು. ಬಿದಿರಿನ ಕಡ್ಡಿಗಳನ್ನು ಕತ್ತರಿಸಿ, ತುದಿ ಮೊಂಡು ಮಾಡಿ, ಅಂಚಿನಲ್ಲಿ ಕೊರೆದ ತೂತುಗಳಿಗೆ ಅಂಟಿಸಿದೆ. ಮಕ್ಕಳ ಬೆರಳು, ಅದಕ್ಕೇ ಪ್ರತಿಯೊಂದನ್ನೂ ಮೂರು ಸಲ ಸವರಿ ನೋಡಿದ್ದೇನೆ.

ನೇರ ಹಲ್ಲಿನ ಹುಡುಕಾಟ

ಏಳು ತುಂಡು ಮುಗಿದಿತ್ತು. ನೇರ ಹಲ್ಲಿನ ಅಂಚು, ಅಂದರೆ ಹಲ್ಲು ಯಾವ ಕಡೆಗೂ ವಾಲದೆ ನೆಟ್ಟಗೆ ಹೊರಗೆ ನೋಡುವ ಎಲೆ, ಅದೊಂದೇ ಸಿಗಲಿಲ್ಲ. ಪುಸ್ತಕಗಳು ಸುಲಭವಾಗಿ ಹೆಸರು ಹೇಳಿಬಿಡುತ್ತವೆ. ಕಿತ್ತು ತಂದು ಸವರಿದರೆ ಬಹಳಷ್ಟು ಎಲೆಗಳ ಹಲ್ಲು ತುದಿಯ ಕಡೆ ಸ್ವಲ್ಪವಾದರೂ ವಾಲಿರುತ್ತೆ. ಬೆಳಗಿನ ವಾಕಿಂಗ್‌ಗೆ ಕುಂದವಾಡ ಕೆರೆಯ ದಂಡೆಗೆ ಹೋದಾಗೆಲ್ಲ ಜೇಬಿನ ತುಂಬಾ ಎಲೆ ತರುತ್ತಿದ್ದೆ. ಒಂದೂ ಒಪ್ಪಲಿಲ್ಲ.

ಕೊನೆಗೆ ಸಿಕ್ಕಿದ್ದು ಪರಿಚಯದವರ ಮನೆಯ ತಾರಸಿಯ ತೊಟ್ಟಿಯಲ್ಲಿ. ರಾತ್ರಿ ಅರಳುವ ನೈದಿಲೆ. ತಾವರೆಯ ಎಲೆಯ ಅಂಚು ನಯ, ಆದರೆ ಈ ನೈದಿಲೆಯ ದುಂಡು ಎಲೆಯ ಸುತ್ತ ಚೂಪು ಹಲ್ಲುಗಳಿವೆ, ಹೊರಮುಖವಾಗಿ. ಬೆರಳು ಎಡಕ್ಕೆ ಹೋದರೂ ತಡೆಯುತ್ತೆ, ಬಲಕ್ಕೆ ಹೋದರೂ ತಡೆಯುತ್ತೆ. ಎಲೆ ದೊಡ್ಡದು, ಹಾಗಾಗಿ ಜೆರಾಕ್ಸಿನಲ್ಲಿ ಎರಡೇ ಪಟ್ಟು ಮಾಡಿಸಿ ಒಂದು ಕಾಲು ಭಾಗ ಮಾತ್ರ ತೆಗೆದುಕೊಂಡೆ. ಅರವನ್ನು ನೆಟ್ಟಗೆ ಹಿಡಿದು ಉಜ್ಜಿದೆ. ಎಂಟನೇ ತುಂಡು ಮುಗಿಯಿತು.

ಈ ಅಲೆದಾಟದಲ್ಲಿ ಇನ್ನೊಂದು ವಿಷಯ ಗಮನಕ್ಕೆ ಬಂತು. ನಮ್ಮ ಸುತ್ತ ಮರಗಳಲ್ಲಿ ಹಲ್ಲಿನ ಎಲೆ ಹುಡುಕುವುದೇ ಕಷ್ಟ. ಹೊಂಗೆ, ಆಲ, ಹಲಸು, ಹುಣಸೆ, ನೇರಳೆ, ಮುತ್ತುಗ, ಕಕ್ಕೆ, ಬನ್ನಿ, ಜಾಲಿ, ಸೀತಾಫಲ, ಶ್ರೀಗಂಧ, ಸಪೋಟ, ಎಲ್ಲದರ ಅಂಚಿಗೂ ಹಲ್ಲಿಲ್ಲ. ಇದು ನಮ್ಮೂರಿನ ಬಿಸಿಲಿನ ಗುರುತು. ಬೈಲಿ ಮತ್ತು ಸಿನ್ನಟ್ ಅನ್ನುವ ಇಬ್ಬರು ಸಸ್ಯವಿಜ್ಞಾನಿಗಳು 1915ರಲ್ಲೇ ಇದನ್ನು ತೋರಿಸಿದ್ದರು. ಬೆಚ್ಚಗಿನ ನಾಡಿನ ಮರಗಳಲ್ಲಿ ಹಲ್ಲಿಲ್ಲದ ಎಲೆ ಜಾಸ್ತಿ, ಚಳಿ ನಾಡಿನಲ್ಲಿ ಹಲ್ಲಿನ ಎಲೆ ಜಾಸ್ತಿ. ಮುಂದೆ ಇದನ್ನು ಲೆಕ್ಕಕ್ಕೇ ಇಳಿಸಿದರು. ಪೂರ್ವ ಏಷ್ಯಾದ ಕಾಡುಗಳಿಂದ ಬಂದ ಒಂದು ಸೂತ್ರ ಹೀಗಿದೆ: ಒಟ್ಟು ಮರಜಾತಿಗಳಲ್ಲಿ ಹಲ್ಲಿಲ್ಲದವುಗಳ ಪಾಲನ್ನು 30.6ರಿಂದ ಗುಣಿಸಿ 1.14 ಕೂಡಿಸಿದರೆ ಆ ಜಾಗದ ವರ್ಷದ ಸರಾಸರಿ ಉಷ್ಣತೆ ಸಿಗುತ್ತೆ, ಸೆಲ್ಸಿಯಸ್‌ನಲ್ಲಿ. ಕಲ್ಲಿನಲ್ಲಿ ಅಚ್ಚಾದ ಎಲೆಗಳಿಂದ ಕೋಟ್ಯಂತರ ವರ್ಷ ಹಿಂದಿನ ಹವೆಯನ್ನು ಅಂದಾಜು ಮಾಡಲು ಇದನ್ನು ಬಳಸುತ್ತಾರೆ.

ಮಕ್ಕಳ ಜೊತೆ ಕೂತು ನಾವೂ ಲೆಕ್ಕ ಹಾಕಿದೆವು. ಶಾಲೆಯ ಸುತ್ತ, ಕೆರೆಯ ದಂಡೆ, ಒಂದು ದಿನ ಚಿತ್ರದುರ್ಗದ ಜೋಗಿಮಟ್ಟಿಗೆ ಹೋಗಿ ಬಂದದ್ದು, ಎಲ್ಲ ಸೇರಿ 30 ಜಾತಿಯ ಮರ, ಪೊದೆ. ಬೇವು, ಎಲಚಿ, ಹಿಪ್ಪುನೇರಳೆ, ದಾಸವಾಳ, ತಡಸಲು ಇವಕ್ಕೆ ಹಲ್ಲು ಇದೆ. ಬಿಲ್ವದ ಎಸಳಿನಲ್ಲೂ ನೋಡಿ, ತೀರಾ ಸಣ್ಣ ಗುಂಡು ಹಲ್ಲುಗಳಿವೆ. ಆರು ಹೋದರೆ 24. ಪಾಲು 0.8. ಗುಣಿಸಿ ಕೂಡಿಸಿದರೆ 25.6. ನಮ್ಮ ಕಡೆಯ ವರ್ಷದ ಸರಾಸರಿ 25 ಡಿಗ್ರಿಯ ಆಸುಪಾಸು! ಕಪ್ಪುಹಲಗೆಯ ಮೇಲೆ ಉತ್ತರ ಬಂದಾಗ ತರಗತಿ ಕೂಗಿದ್ದು ಹೆಡ್‌ಮಾಸ್ಟರ ಕೋಣೆಗೂ ಕೇಳಿಸಿತು. ಮೂವತ್ತೇ ಜಾತಿ, ಅದರಲ್ಲಿ ನಾವೇ ನೆಟ್ಟ ಮರಗಳೂ ಇವೆ, ಸೂತ್ರ ಬಂದದ್ದು ಬೇರೆ ನಾಡಿನ ಕಾಡಿನಿಂದ. ಹಾಗಾಗಿ ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ ಅಂತ ಮಕ್ಕಳಿಗೆ ಬಿಡಿಸಿ ಹೇಳಿದೆ. ಆದರೂ ಎಲೆಯಂಚಿನಿಂದ ಊರಿನ ಬಿಸಿ ಅಳೆದ ಖುಷಿ ದೊಡ್ಡದು. ಅದನ್ನು ಅವರಿಂದ ಕಸಿಯಬೇಕು ಅನ್ನಿಸಲಿಲ್ಲ.

ಹಲಗೆ ತರಗತಿಗೆ ಬಂತು

ನಾಲ್ಕಡಿ ಉದ್ದದ ಹಲಗೆ. ಎಂಟು ತುಂಡುಗಳನ್ನೂ ಅಂಟಿಸಲಿಲ್ಲ, ಹಿಂದಿನಿಂದ ಸ್ಕ್ರೂ ಹಾಕಿದೆ. ಮುರಿದರೆ ಬದಲಿಸಬೇಕಲ್ಲ. ಹಲಗೆಗೂ ಎಲೆಗೂ ನಡುವೆ ಒಂದಿಂಚಿನ ಮರದ ಗಟ್ಟಿ ಇಟ್ಟು ಎತ್ತರಿಸಿದ್ದೇನೆ, ಬೆರಳು ಅಂಚಿನ ಸುತ್ತ ಆಡಲು ಜಾಗ ಬೇಕು. ಮೊದಲು ಅರ್ಧ ಇಂಚು ಇಟ್ಟಿದ್ದೆ, ಸಾಲಲಿಲ್ಲ. ಪ್ರತಿ ಎಲೆಯ ತೊಟ್ಟಿನ ಜಾಗದಲ್ಲಿ ಒಂದು ಮೊಳೆಯ ತಲೆ ಬಡಿದಿದ್ದೇನೆ. ಕಣ್ಣು ಮುಚ್ಚಿದ ಮಗು ಮೊದಲು ಆ ಮೊಳೆ ಹುಡುಕುತ್ತೆ, ಅಲ್ಲಿಂದ ಶುರು ಮಾಡುತ್ತೆ. ತೊಟ್ಟು ಯಾವ ಕಡೆ ಅಂತ ಗೊತ್ತಿಲ್ಲದೆ ಹಲ್ಲಿನ ದಿಕ್ಕು ಹೇಳಲು ಬರಲ್ಲ.

ಮೆಕ್ಕೆಜೋಳದ ಹುಡುಗನನ್ನೇ ಮೊದಲು ಕರೆದೆ. ಬೇವಿನ ಮೇಲೆ ಕೈ ಇಟ್ಟು ಮೇಲಕ್ಕೆ ಸವರಿದ, ಕೆಳಕ್ಕೆ ಎಳೆದ. "ಗರಗಸ" ಅಂದ. ನೈದಿಲೆಯ ಮೇಲೆ ಎರಡು ಸಲ ಹಿಂದೆ ಮುಂದೆ ಹೋದ. "ಎರಡೂ ಕಡೆ ತಡೀತದೆ ಸಾರ್. ಇದು ಆ ಮೂರನೇದು." ದೊಡ್ಡಪತ್ರೆಗೆ ಒಬ್ಬ ಹುಡುಗಿ "ಉಗುರಂಚು" ಅಂತ ಹೆಸರಿಟ್ಟಳು. ಅದನ್ನೇ ಹಲಗೆಯ ಮೇಲೆ ಬರೆದೆ, ಪಕ್ಕದಲ್ಲಿ ಪುಸ್ತಕದ ಹೆಸರು.

ಮಾರನೇ ದಿನ ಅದೇ ಹುಡುಗಿ ಹರಳಿನ ಎಲೆ ತಂದಳು. ಕೈಬೆರಳು ಚಾಚಿದ ಹಾಗೆ ಸೀಳು ಸೀಳು, ಪ್ರತಿ ಸೀಳಿನ ಅಂಚಿನಲ್ಲೂ ಗರಗಸದ ಹಲ್ಲು. "ಇದು ಹಲ್ಲಾ ಸೀಳಾ ಸಾರ್?" ಎರಡೂ ಹೌದು, ಎರಡನ್ನೂ ಬೇರೆ ಬೇರೆ ಹೇಳಬೇಕು. ಎಲ್ಲಿಯವರೆಗೆ ಹಲ್ಲು, ಎಲ್ಲಿಂದ ಸೀಳು ಅನ್ನುವುದಕ್ಕೆ ಎಲೆ ಅಳೆಯುವವರು ಒಂದು ಗಡಿ ಹಾಕಿಕೊಂಡಿದ್ದಾರೆ. ಅಂಚಿನಿಂದ ನಡುನರದ ಕಡೆಗೆ ಕಾಲು ಭಾಗ ಅಥವಾ ಅದಕ್ಕಿಂತ ಆಳಕ್ಕೆ ಹೋದರೆ ಸೀಳು, ಅದಕ್ಕಿಂತ ಕಡಿಮೆ ಇದ್ದರೆ ಹಲ್ಲು. ಸ್ಕೇಲ್ ತಂದು ಮಕ್ಕಳೇ ಅಳೆದರು. ಹತ್ತಿಯ ಎಲೆ ತಂದವನೊಬ್ಬನಿದ್ದ. ಅದರಲ್ಲಿ ಸೀಳು ಇದೆ, ಸೀಳಿನ ಅಂಚು ಮಾತ್ರ ನಯ. ಹರಳು ಮತ್ತು ಹತ್ತಿ ಎರಡನ್ನೂ ಅಕ್ಕಪಕ್ಕ ಇಟ್ಟ ಮೇಲೆ ನಾನು ಹೆಚ್ಚಿಗೆ ಏನೂ ಹೇಳಬೇಕಾಗಲಿಲ್ಲ.

ಇನ್ನೊಬ್ಬಳ ಮನೆಯಲ್ಲಿ ಟೊಮೆಟೊ ಹೊಲವಿದೆ. ಬೆಳಿಗ್ಗೆ ಎದ್ದು ನೋಡಿದರೆ ಎಲೆಯ ಹಲ್ಲಿನ ತುದಿಗಳಲ್ಲಿ ನೀರಿನ ಹನಿ ಕೂತಿರುತ್ತೆ, ಅದು ಇಬ್ಬನಿಯಾ ಅಂತ ಕೇಳಿದಳು. ಇಬ್ಬನಿಯಾದರೆ ಎಲೆಯ ತುಂಬಾ ಇರಬೇಕಿತ್ತು. ಅದು ಗಿಡವೇ ಹೊರಗೆ ಹಾಕಿದ ನೀರು. ರಾತ್ರಿ ಬೇರು ನೀರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತೆ, ಎಲೆಯ ಮೈಯಿಂದ ಆವಿಯಾಗುವುದು ಮಾತ್ರ ತೀರಾ ಕಡಿಮೆ. ನರದ ಕೊನೆಯಲ್ಲಿ, ಹಲ್ಲಿನ ತುದಿಯಲ್ಲಿ ಸಣ್ಣ ಬಾಯಿಗಳಿವೆ. ಹೆಚ್ಚಾದ ನೀರು ಅಲ್ಲಿಂದ ಹನಿಯಾಗಿ ಬರುತ್ತೆ. ಹಲ್ಲು ಅಂದರೆ ಬರೀ ಅಂಚಿನ ಅಲಂಕಾರ ಅಲ್ಲ ಅಂತ ಅವಳ ಹೊಲವೇ ತೋರಿಸಿಕೊಟ್ಟಿತು. ಹಲಗೆಯ ಟೊಮೆಟೊ ತುಂಡು ಮಾಡಿದರೆ ಹಲ್ಲಿನ ತುದಿಗೊಂದು ಗಾಜಿನ ಮಣಿ ಅಂಟಿಸಬೇಕು ಅಂದುಕೊಂಡಿದ್ದೇನೆ.

ಅದಕ್ಕೂ ಮೊದಲು ಎಲಚಿ ಇದೆ. ಹೊಲದ ಬದುವಿನಿಂದ ಮಕ್ಕಳು ತಂದ ಎಲಚಿ ಎಲೆಯ ಹಲ್ಲು ಎಷ್ಟು ಸಣ್ಣದೆಂದರೆ ನಾಲ್ಕು ಪಟ್ಟು ಮಾಡಿದರೂ ಅರ ಕೂರಲ್ಲ. ಹಾಗಾಗಿ ಆ ಜೆರಾಕ್ಸನ್ನೇ ಮತ್ತೆ ಗಾಜಿನ ಮೇಲೆ ಇಟ್ಟು ಇನ್ನೊಮ್ಮೆ 400 ಶೇಕಡಾ ಮಾಡಿಸಿದೆ. ಹದಿನಾರು ಪಟ್ಟು. ಎಲೆಯ ಅಂಚಿನ ಒಂದು ಬೆರಳಗಲದ ತುಂಡೇ ಈಗ ದೊಡ್ಡ ಹಾಳೆಯ ತುಂಬಾ ಇದೆ, ಗೆರೆ ಸ್ವಲ್ಪ ಮಸುಕಾಗಿದೆ, ಪೆನ್ಸಿಲ್ಲಿನಿಂದ ತಿದ್ದುತ್ತಿದ್ದೇನೆ. ಪ್ಲೈವುಡ್ ತುಂಡು ಸಿದ್ಧವಿದೆ. ಶನಿವಾರ ಮಧ್ಯಾಹ್ನ ಬ್ಲೇಡು ಹಾಕುತ್ತೇನೆ, ಹೆಬ್ಬೆರಳಿನಿಂದ ಸವರಿ ನೋಡಿ, ಹಲ್ಲು ಕೆಳಮುಖವಾಗಿ.